ಬಳೆ ಅಡವಿಟ್ಟು ಕಲಿತ ಕಂಪ್ಯೂಟರು

ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಮೂರು ಕಂಪ್ಯೂಟರ್ ಸೆಂಟರುಗಳಿವೆ. ಮೂರರ ಬೋರ್ಡಿನಲ್ಲೂ ನಗುವ ಹುಡುಗಿಯ ಚಿತ್ರ, ಕೆಳಗೆ 'ನೂರಕ್ಕೆ ನೂರು ಉದ್ಯೋಗ' ಎಂಬ ದಪ್ಪಕ್ಷರ. ಅಂಥದೊಂದು ಕಡೆ ನನ್ನ ಹಳೆಯ ವಿದ್ಯಾರ್ಥಿನಿ ಆರು ತಿಂಗಳು ಕಲಿತು ಬಂದಳು. ಫೀಸಿಗೆಂದು ಅವಳ ತಾಯಿ ಎರಡು ಬಳೆ ಅಡವಿಟ್ಟಿದ್ದರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದೂ ಆಯಿತು. "ಏನು ಕಲಿತೆಯಮ್ಮ?" ಎಂದೆ. "ಅಲ್ಲಿದ್ದ ಸಾಫ್ಟ್‌ವೇರು ಮನೇಲಿಲ್ಲ ಮಿಸ್, ಕೊಳ್ಳೋಕೆ ತುಂಬಾ ದುಡ್ಡಂತೆ" ಎಂದಳು. ಸೆಂಟರಿನವರಾದರೂ ಕೊಂಡಿದ್ದರೇ? ಕದ್ದು ತುಂಬಿಸಿದ ಪ್ರತಿ! ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದಷ್ಟೇ ಕಲಿಸಿದ್ದರು. ಒಳಗೇನು ನಡೆಯುತ್ತದೆ ಎಂದು ಕೇಳುವಂತಿರಲಿಲ್ಲ.

ಅವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಕರಿಹಲಗೆಯ ಮೇಲೆ ಮೌಸಿನ ಚಿತ್ರ ಬರೆದು, 'ಭಾಗಗಳನ್ನು ಗುರುತಿಸಿ' ಎಂದು ವರ್ಷಗಟ್ಟಲೆ ಪಾಠ ಮಾಡಿದವಳು ನಾನು.

ನಾವೆಲ್ಲ ಹೊಲಿಗೆ ಕಲಿತದ್ದು ಹೇಗೆ, ನೆನಪಿಸಿಕೊಳ್ಳಿ. ಅಮ್ಮನ ಹಳೆಯ ರವಿಕೆಯನ್ನು ಒಳಹೊರಗು ಮಾಡಿ, ಹೊಲಿಗೆ ಬಿಚ್ಚಿ, ಮತ್ತೆ ಕೂಡಿಸಿ ಕಲಿತೆವು. ಹಾಗೆ ಬಿಚ್ಚಿ ನೋಡಬಹುದಾದ ತಂತ್ರಾಂಶಗಳೂ ಇವೆ. ಬಳಸಬಹುದು, ಒಳಗಿನ ಬರಹ ಓದಬಹುದು, ತಿದ್ದಬಹುದು, ನೆರೆಯವರಿಗೂ ಕೊಡಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಇದಕ್ಕಾಗಿಯೇ ಗ್ನೂ ಎಂಬ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿ, ಅದನ್ನು ಎಲ್ಲರ ಮುಂದೆ ತೆರೆದಿಟ್ಟರು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಬಿಟ್ಟಿ ಸಿಕ್ಕಿದ್ದು ಕಳಪೆ ಎನ್ನುವವರು ಇದನ್ನು ಕೇಳಿಸಿಕೊಳ್ಳಬೇಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರು ಕಲಿಯುವುದು ಇಂಥ ಮುಕ್ತ ತಂತ್ರಾಂಶದ ಮೇಲೆಯೇ. ನಮಗೇನು ಧಾಡಿ?

ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿ, ಶನಿವಾರ ಮಧ್ಯಾಹ್ನ ಆ ಹುಡುಗಿಯನ್ನು ಕೂರಿಸಿದೆ. ಪೈಥಾನ್ ಭಾಷೆಯನ್ನು ಅವಳೇ ಕಲಿತಳು. ನನಗೆ ಅದು ಅರ್ಧಂಬರ್ಧ. ಒಂದು ದಿನ ಯಾವುದೋ ಪುಟ್ಟ ಮುಕ್ತ ತಂತ್ರಾಂಶದ ಕನ್ನಡದಲ್ಲಿ 'ಮುದ್ರಿಸು' ಎಂಬುದು 'ಮುದ್ರಸು' ಎಂದಿತ್ತು. ಗುಡಿಸೇ ಇಲ್ಲ! ಕನ್ನಡ ಮೇಡಮ್ಮಿನ ಕಣ್ಣಿಗೆ ಬೀಳದೆ ಇದ್ದೀತೇ? "ನೀನೇ ತಿದ್ದಿ ಕಳಿಸು" ಎಂದೆ. ಕಳಿಸಿದಳು. ವಾಪಸು ಬಂತು: ಸಂಬಂಧವಿಲ್ಲದ ಎರಡು ಸಾಲುಗಳೂ ಬದಲಾಗಿವೆ, ಅವನ್ನು ಬಿಟ್ಟು ಕಳಿಸಿ ಎಂದು. ಹುಡುಗಿ ಅತ್ತಳು. ಆರು ತಿಂಗಳ ಕೋರ್ಸಿನಲ್ಲಿ ಅವಳ ಕೆಲಸವನ್ನು ಒಬ್ಬರೂ ಹಾಗೆ ಸಾಲು ಸಾಲಾಗಿ ಓದಿರಲಿಲ್ಲ. ಮೂರನೆಯ ಸಲ ಒಪ್ಪಿದರು. ಆಮೇಲೆ ತಾರೀಖು ತಪ್ಪು ತೋರಿಸುತ್ತಿದ್ದ ಒಂದು ದೋಷವನ್ನು ಹಿಡಿದು ಮೂರು ವಾರ ಕೂತಳು. ಬೇರೆಯವರು ಬರೆದದ್ದನ್ನು ಓದುವುದು ತಾನು ಬರೆಯುವುದಕ್ಕಿಂತ ಕಷ್ಟ ಎಂದು ಅವಳೇ ನನಗೆ ಹೇಳಿದಳು. ಅಂದಿನಿಂದ ಅವಳು ಕೋಡ್ ಬರೆಯುವವಳಾದಳು ಎಂದು ನನ್ನ ಎಣಿಕೆ.

"ದುಡ್ಡಿಲ್ಲದ ದುಡಿಮೆ ಮನೆಯಲ್ಲಿ ಸಾಲದೇ?" ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರು ಕೇಳಿದರು. ಪ್ರಶ್ನೆ ಸುಳ್ಳಲ್ಲ. ಹೀಗೆ ಹಂಚಿಟ್ಟದ್ದನ್ನು ಬಳಸಿ ದೊಡ್ಡ ದೊಡ್ಡ ಕಂಪನಿಗಳು ದುಡ್ಡು ಮಾಡಿಕೊಂಡಿವೆ, ಅದೂ ನಿಜ. ಆದರೆ ನಾನು ಮೂವತ್ತು ವರ್ಷ ಬೇಯಿಸಿದ ಸಾರಿನ ಮೇಲೆ ನನ್ನ ಹೆಸರಿಲ್ಲ. ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಎಂಬ ಸಾಧನವೋ, ಯಾವ ಸಾಲನ್ನು ಯಾರು, ಯಾವ ದಿನ ತಿದ್ದಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಆ ಗುಡಿಸಿನ ಪಕ್ಕದಲ್ಲಿ ನಮ್ಮ ಹುಡುಗಿಯ ಹೆಸರಿದೆ. ಕೆಲಸ ಕೊಡುವವರು ಬಿಚ್ಚಿ ನೋಡಲಿ.

ಹೆಣ್ಣುಮಕ್ಕಳಿಗೆ ಇದರಲ್ಲಿ ಆಸಕ್ತಿಯಿಲ್ಲ ಎನ್ನುವವರೂ ಇದ್ದಾರೆ. 2006ರಲ್ಲಿ ಗ್ನೋಮ್ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಬೇಸಿಗೆ ತರಬೇತಿಗೆಂದು 181 ಅರ್ಜಿಗಳು ಬಂದವು. ಹೆಂಗಸರದು ಒಂದೂ ಇಲ್ಲ. ಹೆಂಗಸರಿಗೆಂದೇ, ಕಲಿಸಿಕೊಡುವವರಿದ್ದಾರೆ ಎಂದು ಹೇಳಿ ಕರೆದಾಗ ಅದೇ ವರ್ಷ ನೂರರಷ್ಟು ಅರ್ಜಿಗಳು ಬಂದವು. ಅದೇ ಮುಂದೆ ಔಟ್‌ರೀಚಿ ಆಗಿ ಬೆಳೆದು, ಕಲಿಯುವ ತಿಂಗಳುಗಳಿಗೆ ಹಣವನ್ನೂ ಕೊಟ್ಟಿತು. ಆಸಕ್ತಿ ಎಲ್ಲಿ ಅಡಗಿತ್ತು ಹೇಳಿ?

ಮೊನ್ನೆ ಆ ಹುಡುಗಿಯ ತಾಯಿ ಮನೆಗೆ ಬಂದಿದ್ದರು. ಎರಡನೆಯವಳದು ಪಿಯುಸಿ ಮುಗಿದಿದೆ, ಅದೇ ಸೆಂಟರಿಗೆ ಸೇರಿಸಬೇಕಂತೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದಿದ್ದ ಓಲೆಯನ್ನು ತೋರಿಸಿ, "ಎಷ್ಟು ಸಿಗಬಹುದು ಮೇಡಂ?" ಎಂದರು. "ಕಿವಿಗೆ ಹಾಕ್ಕೊಳ್ಳಿ ಮೊದಲು" ಎಂದೆ. "ಅವಳನ್ನು ಶನಿವಾರ ಅಕ್ಕನ ಜೊತೆ ಕಳಿಸಿ."