ಹಳ್ಳ ಒಂದಾಗಿರುವಾಗ ಯೋಜನೆ ಹಲವೇಕೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನಾಗರಿಕರಿಗೆ

ವಿಜಯಪುರ ಜಿಲ್ಲೆಯಲ್ಲಿ ಬಹುಕಾಲ ಇದ್ದದ್ದು ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ 5 ತಾಲ್ಲೂಕುಗಳು. ತಾಳಿಕೋಟೆ, ದೇವರ ಹಿಪ್ಪರಗಿ, ಆಲಮೇಲ, ಚಡಚಣ, ನಿಡಗುಂದಿ, ಕೊಲ್ಹಾರ ಮುಂತಾದವು ಸೇರಿ ಆ ಸಂಖ್ಯೆ ಇಂದು 13ಕ್ಕೆ ಏರಿದೆ. ತಹಶೀಲ್ದಾರರ ಕಚೇರಿ ಹತ್ತಿರ ಬಂದುದರಿಂದ ರೈತನ ಅಲೆದಾಟ ಕಡಿಮೆಯಾಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಂದಾಯದ ಅನುಕೂಲಕ್ಕೆ ಎಳೆದ ಗೆರೆಗಳೇ ನೀರು, ಕಸ, ಮರ, ಬಿಸಿಲಿನ ಕೆಲಸಗಳಿಗೂ ಗಡಿಯಾಗಿಬಿಟ್ಟರೆ, ಒಂದು ಊರು ಮಾಡಿದ ಕೆಲಸ ಪಕ್ಕದ ಊರಿನ ಕೆಲಸವನ್ನು ಕೆಡಿಸುತ್ತದೆ. ಈ ಸೀಮೆಯ ಪಟ್ಟಣಗಳೂ ಮೋರಟಗಿಯಂಥ ದೊಡ್ಡ ಗ್ರಾಮಗಳೂ ಒಂದೇ ಹವಾಮಾನ ಯೋಜನೆಯನ್ನು ಕೂಡಿ ರೂಪಿಸಿ, ಕೂಡಿ ಹಣ ಹೂಡಿ, ಕೂಡಿಯೇ ನಡೆಸಬೇಕೆಂಬುದು ಈ ಕರಪತ್ರದ ವಾದ.

ಹವಾಮಾನ ಯೋಜನೆಗೆ ಎರಡು ಮುಖಗಳಿವೆ: ಭೂಮಿಯ ಬಿಸಿ ಏರಿಸುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳನ್ನು ತಗ್ಗಿಸುವ ಕೆಲಸಕ್ಕೆ ಉಪಶಮನವೆಂದೂ, ಈಗಾಗಲೇ ಬದಲಾಗಿರುವ ಮಳೆ ಬಿಸಿಲಿಗೆ ತಕ್ಕಂತೆ ಹೊಲ, ಬೆಳೆ, ಮನೆ, ರಸ್ತೆಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆ ಹೊಂದಾಣಿಕೆಯೆಂದೂ ಹೆಸರು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದ್ದು, ಅದರ ಹೊಗೆಯನ್ನು ತಗ್ಗಿಸುವ ಅಧಿಕಾರ ಇಲ್ಲಿನ ಯಾವ ಪುರಸಭೆಗೂ ಇಲ್ಲ. ಅಂಥ ಸ್ಥಾವರದ ಪಕ್ಕದಲ್ಲಿ ಬೀದಿದೀಪ ಬದಲಿಸಿ ಜಗತ್ತನ್ನು ತಂಪುಗೊಳಿಸಿದೆವೆಂದು ಪಟ್ಟಣಗಳು ಫಲಕ ಹಾಕಿಕೊಂಡರೆ ಅದು ನಗೆಪಾಟಲು. ಆದ್ದರಿಂದ ಈ ಸೀಮೆಯ ಯೋಜನೆಯ ಮುಕ್ಕಾಲು ಭಾರ ಹೊಂದಾಣಿಕೆಯ ಮೇಲೆಯೇ ಬೀಳಬೇಕು.

ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ನೆಲಕ್ಕೆ ಬರ ಹೊಸದಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರ ನಡುವೆ, ದಖ್ಖನನ್ನು ಬರಿದು ಮಾಡಿದ ಬರಗಾಲಕ್ಕೆ ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶ ಘೋರವಾಗಿ ತುತ್ತಾಯಿತು. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದದ್ದೂ ಬರದ ಬೆದರಿಕೆಯಿಂದಲೇ. ಹೊಸದಾದುದು ಮಳೆ ಸುರಿಯುವ ಬಗೆ. ಗಾಳಿಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಹೀಗೆ ಹಿಡಿದಿಟ್ಟುದನ್ನು ಒಮ್ಮೆಲೇ ಸುರಿಯುವುದರಿಂದ ನಡುನಡುವೆ ಒಣ ವಾರಗಳೂ, ಅವುಗಳ ಬೆನ್ನಿಗೆ ರಭಸದ ಮಳೆಯೂ ಬರುತ್ತವೆ. ಎರೆಮಣ್ಣಿನ ಗುಣ ಇದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಬೇಸಿಗೆಯಲ್ಲಿ ಬಾಯ್ದೆರೆಯುವ ಆ ಮಣ್ಣು ನೆನೆದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುವುದರಿಂದ, ಆಮೇಲೆ ಬೀಳುವ ನೀರು ಇಂಗದೆ ಮಣ್ಣನ್ನೂ ಕೊಚ್ಚಿಕೊಂಡು ಹಳ್ಳದ ದಾರಿ ಹಿಡಿಯುತ್ತದೆ. ಮುಂಗಾರಿ ಬೆಳೆ ಒಣಗಿದ ಹೊಲದಲ್ಲೇ ಹಿಂಗಾರಿ ಬಿತ್ತನೆಯ ಹೊತ್ತಿಗೆ ನೀರು ನಿಲ್ಲುವುದಕ್ಕೂ, 2020ರ ಅಕ್ಟೋಬರಿನಲ್ಲಿ ಭೀಮೆ ಇಂಡಿ, ಸಿಂದಗಿ ಭಾಗದ ದಂಡೆಯ ಊರುಗಳಿಗೆ ನುಗ್ಗಿದುದಕ್ಕೂ ಹಿನ್ನೆಲೆಯಾಗಿ ಇರುವುದು ಇಂಥ ರಭಸದ ಮಳೆಯೇ.

ಊರೂರು ಬೇರೆಬೇರೆಯಾಗಿ ಕೆಲಸ ಮಾಡಿದರೆ ಏನಾಗುತ್ತದೆಂಬುದಕ್ಕೆ ಡೋಣಿ ನದಿಗಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟುವ ಈ ನದಿ ವಿಜಯಪುರದ ಸುತ್ತಲಿನ ಎರೆಭೂಮಿಯನ್ನು ಹಾಯ್ದು, ಹಳೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳನ್ನು ದಾಟಿ, ತಾಳಿಕೋಟೆಯ ಆಚೆಗೆ ಕೃಷ್ಣೆಯನ್ನು ಸೇರುತ್ತದೆ. ಇದರ ನೀರು ಉಪ್ಪು, ಕುಡಿಯಲು ಒಗ್ಗದು. ಆದರೂ ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ಮಾತು ಹುಟ್ಟಿದ್ದು ಅದರ ಬಯಲಿನ ಮಣ್ಣಿನ ಫಲವತ್ತತೆಯಿಂದ. ಈಗ ಹೂಳು ಅದರ ಪಾತ್ರವನ್ನೇ ತುಂಬಿದೆ, ಹೂಳಿನ ಮೇಲೆ ಬಳ್ಳಾರಿ ಜಾಲಿ ಬೆಳೆದಿದೆ. ಮೇಲ್ಭಾಗದಲ್ಲಿ ಜೋರು ಮಳೆಯಾದಾಗ ನದಿ ಪಾತ್ರ ಬಿಟ್ಟು ಹೊಲದಲ್ಲಿ ಹರಿದು ತೊಗರಿ, ಜೋಳ, ಕಡಲೆಗಳನ್ನು ಮುಳುಗಿಸುತ್ತದೆ, ತಾಳಿಕೋಟೆಯ ಬಳಿ ಹಡಗಿನಾಳ ರಸ್ತೆಯ ಕೆಳಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ.

ಇದಕ್ಕೆ ಜನಪ್ರಿಯ ಬೇಡಿಕೆ ಹೂಳೆತ್ತುವುದು. ಬೇಡಿಕೆ ನ್ಯಾಯವಾದುದೇ, ಆದರೆ ಅನುಕ್ರಮ ತಪ್ಪಿದರೆ ಅದೇ ಹಾನಿಯಾಗುತ್ತದೆ. ಮೇಲಿನ ಊರು ತನ್ನ ಪಾಲಿನ ಪಾತ್ರವನ್ನಷ್ಟೇ ಅಗೆದರೆ ನೀರು ವೇಗವಾಗಿ ಇಳಿದು ಕೆಳಗಿನ ಊರಿನ ಹೂಳಿಗೆ ಬಡಿದು ಅಲ್ಲಿನ ಹೊಲಕ್ಕೆ ಹರಡುತ್ತದೆ. ಇನ್ನು ಮೇಲಿನ ಹೊಲಗಳ ಮಣ್ಣು ಕೊಚ್ಚಿ ಬರುತ್ತಿರುವವರೆಗೆ ಅಗೆದ ಪಾತ್ರ ಮತ್ತೆ ತುಂಬದೆ ಇರುವುದಿಲ್ಲ. ಮೊದಲು ನಡೆಯಬೇಕಾದುದು ಮೇಲಿನ ಹೊಲಗಳಲ್ಲಿ ಚೌಕುಮಡಿ ಕಟ್ಟುವ ಕೆಲಸ. ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ವಿಂಗಡಿಸಿ ಬಿದ್ದ ಮಳೆಯನ್ನು ಬಿದ್ದಲ್ಲೇ ನಿಲ್ಲಿಸುವ ಈ ಪದ್ಧತಿ ಹಿಂಗಾರಿ ಜೋಳಕ್ಕೆ ಹಸಿಯನ್ನೂ ಉಳಿಸುತ್ತದೆ. ಅದರೊಂದಿಗೆ ಹಳ್ಳದ ಒಡ್ಡುಗಳು ಆಗಬೇಕು, ಆಮೇಲೆ ಸಂಗಮದ ಕಡೆಯಿಂದ ಮೇಲಕ್ಕೆ ಹೂಳೆತ್ತಬೇಕು, ಆ ಬಳಿಕವೇ ಸೇತುವೆಯ ಎತ್ತರ ನಿರ್ಧರಿಸಬೇಕು. ಚೌಕುಮಡಿಯ ಖರ್ಚು ಬಾಗೇವಾಡಿ ಕಡೆಯದು, ಅದರಿಂದ ಉಳಿಯುವ ಬೆಳೆಯಲ್ಲಿ ದೊಡ್ಡ ಪಾಲು ತಾಳಿಕೋಟೆ ಕಡೆಯದು. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಆಗಿರುವಲ್ಲಿ ಇಬ್ಬರ ನಡುವೆ ಲಿಖಿತ ಒಪ್ಪಂದವಿಲ್ಲದೆ ಯಾವ ಕೆಲಸವೂ ಬಾಳುವುದಿಲ್ಲ.

ಪಟ್ಟಣಗಳ ಕಸದ ವಿಷಯದಲ್ಲಿ ಕಾನೂನೇ ಕೂಡುವ ದಾರಿಯನ್ನು ತೋರಿಸಿದೆ: 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು 5 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಿಗೆ ಸಾಮೂಹಿಕ ಭೂಭರ್ತಿ ಘಟಕದ ವ್ಯವಸ್ಥೆಯನ್ನು ಹೇಳಿದವು. ಗಾಳಿಯಾಡದ ರಾಶಿಯಲ್ಲಿ ಹಸಿಕಸ ಕೊಳೆತರೆ ಮೀಥೇನ್ ಹೊಮ್ಮುತ್ತದಾದ್ದರಿಂದ, ಉಪಶಮನದ ಹೆಸರಿನಲ್ಲಿ ಸಣ್ಣ ಪಟ್ಟಣಗಳು ನಿಜವಾಗಿ ಮಾಡಬಲ್ಲ ಕೆಲಸಗಳಲ್ಲಿ ಇದು ಮುಖ್ಯವಾದುದು.

ಕೂಡಿ ಯೋಜಿಸಲು ಹೊಸ ಪ್ರಾಧಿಕಾರ ಬೇಕಿಲ್ಲ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿಯನ್ನು ವಿಧಿಸುತ್ತದೆ. ಪಂಚಾಯಿತಿಗಳಿಗೂ ಪಟ್ಟಣಗಳಿಗೂ ಸಮಾನವಾದ ಹಿತಗಳನ್ನು, ಅದರಲ್ಲೂ ನೀರಿನ ಹಂಚಿಕೆ ಮತ್ತು ಪರಿಸರ ಸಂರಕ್ಷಣೆಯನ್ನು, ಈ ಸಮಿತಿ ಗಮನದಲ್ಲಿಡಬೇಕೆಂದು ಅಲ್ಲಿಯೇ ಹೇಳಿದೆ. ಅದರ ಸದಸ್ಯರಲ್ಲಿ ಕನಿಷ್ಠ ಐದರಲ್ಲಿ ನಾಲ್ಕು ಪಾಲು ಜನ ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣ ಸಂಸ್ಥೆಗಳ ಚುನಾಯಿತರಿಂದ ಆಯ್ಕೆಯಾಗಬೇಕು. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತರಿಲ್ಲದ ಜಿಲ್ಲಾ ಪಂಚಾಯಿತಿಯಿಂದ ಸಮಿತಿಗೆ ಯಾರು ಆಯ್ಕೆಯಾಗುತ್ತಾರೆ? ಪಂಚಾಯಿತಿ ಚುನಾವಣೆಯ ಬೇಡಿಕೆಯೂ ಹವಾಮಾನದ ಬೇಡಿಕೆಯೇ ಎಂಬುದನ್ನು ಪಕ್ಷಗಳು ಅರಿತಂತಿಲ್ಲ.

ಸುಮಾರು 35000 ಕಮ್ಯೂನುಗಳಿರುವ, ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥ ಸಣ್ಣ ಆಡಳಿತಗಳಿರುವ ಫ್ರಾನ್ಸ್ ದೇಶ, 2015ರ ಕಾನೂನಿನ ಮೂಲಕ ಹವಾಮಾನ ಯೋಜನೆಯ ಹೊಣೆಯನ್ನು ಒಂಟಿ ಊರಿನ ಮೇಲಲ್ಲ, 20000ಕ್ಕೂ ಹೆಚ್ಚು ಜನರಿರುವ ಊರುಗಳ ಕೂಟದ ಮೇಲೆ ಹೊರಿಸಿತು. ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ: ಒಬ್ಬೊಬ್ಬನಾಗಿ ಸಾಲ ಹುಟ್ಟದ ರೈತರು ಕೂಡಿ ಸಾಲ ಪಡೆಯಬಹುದೆಂದು ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿ ತೋರಿಸಿದ್ದರು. ತಜ್ಞನೊಬ್ಬನನ್ನು ನೇಮಿಸಲಾರದ ನಾಲ್ಕು ಪುರಸಭೆಗಳು ಕೂಡಿ ಒಬ್ಬ ಜಲತಜ್ಞನನ್ನೂ ಒಬ್ಬ ಎಂಜಿನಿಯರನ್ನೂ ಇಟ್ಟುಕೊಳ್ಳುವುದು ಅದೇ ಲೆಕ್ಕಾಚಾರ.

ಹಣದ ಆಕ್ಷೇಪಕ್ಕೂ ಉತ್ತರವಿದೆ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೈರ್ಮಲ್ಯ, ಕುಡಿಯುವ ನೀರು, ಮಳೆನೀರು ಸಂಗ್ರಹಗಳಿಗೇ ಮೀಸಲಾಗಿತ್ತು. ಅಂಥ ಅನುದಾನದ ಸಣ್ಣ ಪಾಲನ್ನು ಒಟ್ಟುಗೂಡಿಸಿದರೂ ಆರಂಭಕ್ಕೆ ಸಾಕು. ಇನ್ನೊಂದು ಆಕ್ಷೇಪ, ಡೋಣಿಯ ದಂಡೆಯ ಊರಲ್ಲದ ಮೋರಟಗಿಗೆ ಇದರಲ್ಲಿ ಏನು ಪಾಲೆಂಬುದು. ಬಿಸಿಗಾಳಿ, ಒಣಗುವ ಕೊಳವೆಬಾವಿ, ಗುಳೆ ಹೊರಡುವ ಕುಟುಂಬ ಇವು ನದಿಯ ಗಡಿಯನ್ನೂ ಕೇಳುವುದಿಲ್ಲ. ಜೊತೆಗೆ, ಪುರಸಭೆಗಳಷ್ಟೇ ಕುಳಿತು ಮಾಡಿದ ಯೋಜನೆಯಲ್ಲಿ ಪಟ್ಟಣಕ್ಕೆ ಮಾರುಕಟ್ಟೆಯಾಗಿ ಮಾತ್ರ ನಂಟಿರುವ ಗ್ರಾಮಗಳು ಬಿಟ್ಟುಹೋಗುತ್ತವೆ. ಗ್ರಾಮಗಳು ಮೊದಲ ದಿನದಿಂದಲೇ ಮತದಾನದ ಹಕ್ಕಿನೊಡನೆ ಒಳಗಿರಬೇಕು.

ಆದ್ದರಿಂದ ಪ್ರತಿ ಗ್ರಾಮಸಭೆಯಲ್ಲೂ ಪಟ್ಟಣ ಸಂಸ್ಥೆಯಲ್ಲೂ ಒಂದೇ ಒಕ್ಕಣೆಯ ಠರಾವು ಆಗಬೇಕು: ಜಿಲ್ಲಾ ಯೋಜನಾ ಸಮಿತಿಯ ಅಡಿಯಲ್ಲಿ ಈ ಸೀಮೆಗೊಂದು ಜಂಟಿ ಹವಾಮಾನ ಉಪಸಮಿತಿ ರಚನೆಯಾಗಲಿ, ಡೋಣಿಗೆ ಉಗಮದಿಂದ ಸಂಗಮದವರೆಗಿನ ಒಂದೇ ನಕ್ಷೆಯೂ ಕೆಲಸದ ಒಂದೇ ಅನುಕ್ರಮವೂ ಸಿದ್ಧವಾಗಲಿ, ಜತ್ತ ಭಾಗದ ಕೆಲಸಕ್ಕಾಗಿ ಮಹಾರಾಷ್ಟ್ರದೊಡನೆ ಸರ್ಕಾರ ಪತ್ರವ್ಯವಹಾರ ನಡೆಸಲಿ. ಹಿಂಗಾರಿಗೆಂದು ಬಿಟ್ಟ ಹೊಲದಲ್ಲಿ ಚೌಕುಮಡಿಯನ್ನು ದೊಡ್ಡ ಮಳೆಗೆ ಮೊದಲೇ ಕಟ್ಟಬೇಕಾಗುವುದರಿಂದ, ಈ ಠರಾವು ಮಳೆಗಾಲದ ಸಭೆಗೆ ಕಾಯದೆ ಬೇಸಿಗೆಯ ಸಭೆಯಲ್ಲೇ ಮಂಡನೆಯಾಗಬೇಕು.