ಗೂಡು ಹೆಚ್ಚಿತು, ನೂಲು ಹೆಚ್ಚಿತು, ಕೂಲಿ?

ಕೂಲಿ ಹೆಚ್ಚಿಸಿರೆಂದು ಕೇಳಿದವರಿಗೆ ಎಲ್ಲ ಕಾಲದಲ್ಲಿಯೂ ದೊರೆಯುವ ಉತ್ತರ ಒಂದೇ: ಮೊದಲು ಉತ್ಪಾದನೆ ಹೆಚ್ಚಲಿ, ಆಮೇಲೆ ಕೂಲಿಯ ಮಾತು. ಕಾರ್ಖಾನೆಯ ಮಾಲೀಕರು ಹೇಳುವುದೂ ಇದನ್ನೇ, ಅರ್ಥಶಾಸ್ತ್ರದ ಪಠ್ಯಪುಸ್ತಕ ಕಲಿಸುವುದೂ ಇದನ್ನೇ. ದುಡಿಯುವವರು ಒಂದು ದಿನದಲ್ಲಿ ಎಷ್ಟು ತಯಾರಿಸುತ್ತಾರೋ ಅದಕ್ಕೆ ತಕ್ಕಂತೆ ಅವರ ಸಂಪಾದನೆ ತಾನಾಗಿಯೇ ಏರುತ್ತದೆಂಬ ಈ ಸಿದ್ಧಾಂತವನ್ನು ಪರೀಕ್ಷಿಸಲು ಕಾಲೇಜಿನ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೇಷ್ಮೆಯನ್ನು ಸೊಪ್ಪಿನಿಂದ ಸೀರೆಯವರೆಗೆ ಒಮ್ಮೆ ಹಿಂಬಾಲಿಸಿದರೆ ಸಾಕು.

ಈ ಕಸುಬು ಇಲ್ಲಿಗೆ ಹೊಸದಲ್ಲ. 1956ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಆ ರಾಜ್ಯದಲ್ಲಿ ರೇಷ್ಮೆಯೆಂದರೆ ಮುಖ್ಯವಾಗಿ ಈ ತಾಲ್ಲೂಕೇ ಆಗಿತ್ತು. ಅಂದಿನಿಂದ ಇಂದಿನವರೆಗೆ ಉತ್ಪಾದಕತೆ ಏರಿಲ್ಲವೆಂದು ಯಾರೂ ಹೇಳಲಾರರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ವಿ-1 ಹಿಪ್ಪುನೇರಳೆ ತಳಿ ನೀರಾವರಿಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ 60 ಟನ್ನಿನಷ್ಟು ಸೊಪ್ಪು ಕೊಡಬಲ್ಲದು. ಅದಕ್ಕೆ ಹಿಂದಿನ ತಳಿಗಳು ಕೊಡುತ್ತಿದ್ದುದು ಇದರ ಅರ್ಧದ ಆಸುಪಾಸು. ನೂರು ಮೊಟ್ಟೆಗೆ 25-30 ಕಿಲೋ ಗೂಡು ಬಂದರೆ ದೇವರ ದಯೆಯೆಂದು ಭಾವಿಸುತ್ತಿದ್ದ ಮನೆಗಳಲ್ಲಿ ಇಂದು 60 ಕಿಲೋ ಬಂದರೂ ಅದು ಸಾಮಾನ್ಯ ಬೆಳೆ. ಒಂದು ಕಿಲೋ ನೂಲಿಗೆ ಒಂದು ಕಾಲದಲ್ಲಿ ಹತ್ತು ಕಿಲೋದಷ್ಟು ಗೂಡು ಬೇಕಾಗುತ್ತಿತ್ತು. ಒಳ್ಳೆಯ ದ್ವಿತಳಿ ಗೂಡಾದರೆ ಈಗ ಆರೂವರೆ, ಏಳು ಕಿಲೋ ಸಾಕು. ಎಲೆ ಎಲೆಯಾಗಿ ಸೊಪ್ಪು ಬಿಡಿಸುತ್ತಿದ್ದಲ್ಲಿ ಕಡ್ಡಿಸಹಿತ ಕತ್ತರಿಸಿ ಹಾಕುವ ಪದ್ಧತಿ ಬಂದಿದೆ. ಇದರಿಂದ ಒಬ್ಬಾಕೆ ನೋಡಿಕೊಳ್ಳುವ ಹುಳುಗಳ ಸಂಖ್ಯೆ ಹೆಚ್ಚಿದೆ. ನೂಲು ಬಿಚ್ಚುವಲ್ಲಿ ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಬಹುತುದಿ ಯಂತ್ರಕ್ಕೆ, ಈಗ ಸ್ವಯಂಚಾಲಿತ ಯಂತ್ರಕ್ಕೆ ಉದ್ಯಮ ಏರಿದೆ. ಚರಕದ ಮುಂದೆ ಕುಳಿತವರು ನೋಡಿಕೊಳ್ಳುತ್ತಿದ್ದ ಎಳೆಗಳ ಹಲವು ಪಟ್ಟನ್ನು ಸ್ವಯಂಚಾಲಿತ ಯಂತ್ರದ ಬಳಿ ನಿಂತವರು ನೋಡಿಕೊಳ್ಳುತ್ತಾರೆ.

ಹೀಗೆ ಷರತ್ತಿನ ಮೊದಲ ಭಾಗ ಪೂರೈಸಿದೆ. ಎರಡನೆಯ ಭಾಗವೆಲ್ಲಿ?

ಗಮನಿಸಬೇಕಾದ ಸಂಗತಿಯೊಂದಿದೆ. ಮೇಲೆ ಹೇಳಿದ ಅಂಕಿಗಳನ್ನೆಲ್ಲ ಯಾರೋ ಅಳೆದಿದ್ದಾರೆ. ಹೆಕ್ಟೇರಿಗೆ ಎಷ್ಟು ಸೊಪ್ಪು, ನೂರು ಮೊಟ್ಟೆಗೆ ಎಷ್ಟು ಗೂಡು, ಕಿಲೋ ನೂಲಿಗೆ ಎಷ್ಟು ಗೂಡು ಎಂಬುದಕ್ಕೆ ಸರ್ಕಾರಿ ಇಲಾಖೆಯಲ್ಲಿ ಪುಸ್ತಕಗಳಿವೆ. ಗೂಡಿನ ಮಾರುಕಟ್ಟೆಯಲ್ಲಿ ಆ ದಿನದ ಗರಿಷ್ಠ, ಕನಿಷ್ಠ, ಸರಾಸರಿ ದರ ಸಂಜೆಯೊಳಗೆ ಊರೂರಿಗೆ ತಿಳಿಯುತ್ತದೆ. ಆದರೆ ಬಿಸಿನೀರಿನಲ್ಲಿ ಬೆರಳು ಅದ್ದಿ ಗೂಡಿನ ಎಳೆ ಹುಡುಕಿದ ಹೆಂಗಸಿಗೆ ಆ ದಿನ ಎಷ್ಟು ಕೂಲಿ ಸಂದಿತು ಎಂಬುದು ಯಾವ ಫಲಕದ ಮೇಲೂ ಬರೆಯಲ್ಪಡುವುದಿಲ್ಲ. ಅಳೆದದ್ದಕ್ಕೆ ಬೆಲೆಯುಂಟು, ಅಳೆಯದಿರುವುದನ್ನು ನುಂಗಿದರೂ ಕೇಳುವವರಿಲ್ಲ. ಗೂಡಿನೊಳಗಿನ ಸತ್ತ ಹುಳುವಿಗೂ ಗಿರಾಕಿಯಿದ್ದಾನೆ, ದರವಿದೆ.

ಮಾಲೀಕರ ವಾದವನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ. ಚೀನಾದ ರೇಷ್ಮೆ ಅಗ್ಗವಾಗಿ ಬಂದು ಬೀಳುತ್ತಿರುವಾಗ ಕೂಲಿ ಏರಿಸುವುದಾದರೂ ಹೇಗೆ ಎಂದು ಅವರು ಕೇಳುತ್ತಾರೆ. ಅದರಲ್ಲಿ ಸತ್ಯಾಂಶವಿದೆ. 2011ರ ಕೇಂದ್ರ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರಾಜ್ಯದ ರೇಷ್ಮೆ ರೈತರು ಬೀದಿಗಿಳಿಯಬೇಕಾಯಿತು. ಕೆಲವೇ ಬೇಸಿನ್ನುಗಳನ್ನಿಟ್ಟುಕೊಂಡ ಸಣ್ಣ ರೀಲರ್ ಕೂಡ ದೊಡ್ಡ ಸಾಹುಕಾರನೇನಲ್ಲ. ಬೆಳಿಗ್ಗೆ ಗೂಡು ಕೊಳ್ಳಲು ಸಾಲ ತಂದು, ನೂಲು ಮಾರಿ ತೀರಿಸುವವನು ಆತ. ಲಾಭದ ದೊಡ್ಡ ಪಾಲು ಅವನಿಂದಾಚೆ, ನೂಲಿನ ವರ್ತಕರಲ್ಲಿ, ನಗರದ ಸೀರೆ ಅಂಗಡಿಗಳ ಗಾಜಿನ ಬಾಗಿಲುಗಳ ಹಿಂದೆ ನಿಲ್ಲುತ್ತದೆ. ಆದರೂ ಕೇಳಲೇಬೇಕಾದ ಪ್ರಶ್ನೆಯಿದೆ. ಬೆಲೆ ಬಿದ್ದಾಗ ಕೂಲಿಗೆ ಕತ್ತರಿ ಹಾಕುವ ನ್ಯಾಯವು ಬೆಲೆ ಎದ್ದಾಗ ಎಲ್ಲಿ ಮಲಗಿರುತ್ತದೆ? ನಷ್ಟದಲ್ಲಿ ಪಾಲುದಾರಳಾದ ಕೂಲಿಯಾಳು ಲಾಭದಲ್ಲಿ ಹೊರಗಿನವಳಾಗುವುದು ಯಾವ ಲೆಕ್ಕ? ಹೊಸ ಯಂತ್ರಕ್ಕೆ ಸರ್ಕಾರದ ಸಹಾಯಧನವೂ ಇದೆ; ಅಂದರೆ ಕೂಲಿಯಾಳು ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ತೆರಿಗೆಯೂ ಆ ಯಂತ್ರದಲ್ಲಿದೆ. ಸಾರ್ವಜನಿಕರ ಹಣದಿಂದ ಏರಿದ ಉತ್ಪಾದಕತೆಯ ಫಲ ಖಾಸಗಿಯಾಗಿ ಉಳಿಯುವುದನ್ನು ಮಾರುಕಟ್ಟೆಯ ನಿಯಮವೆಂದು ಕರೆಯಲಾಗದು.

ಇದು ಕೊಳ್ಳೇಗಾಲದ ಒಂದೇ ಊರಿನ ಕಥೆಯೂ ಅಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2018ರಲ್ಲಿ ಹೊರತಂದ ವರದಿಯ ಪ್ರಕಾರ, ದೇಶದ ಸಂಘಟಿತ ಕಾರ್ಖಾನೆಗಳಲ್ಲಿ ಮೂರು ದಶಕಗಳ ಅವಧಿಯಲ್ಲಿ ಕಾರ್ಮಿಕರ ಉತ್ಪಾದಕತೆ ಆರು ಪಟ್ಟು ಏರಿದರೆ ಅವರ ನೈಜ ವೇತನ ಏರಿದ್ದು ಒಂದೂವರೆ ಪಟ್ಟು ಮಾತ್ರ. ಮೇಲ್ವಿಚಾರಕ ವರ್ಗದ ಸಂಬಳ ಮೂರು ಪಟ್ಟಿಗೂ ಮಿಕ್ಕಿ ಏರಿದೆ. ರಾಷ್ಟ್ರೀಯ ಆದಾಯದಲ್ಲಿ ದುಡಿಮೆಯ ಪಾಲು 1981ರಲ್ಲಿ ಶೇ. 38.5 ಇದ್ದದ್ದು 2013ರ ಹೊತ್ತಿಗೆ ಶೇ. 35.4ಕ್ಕೆ ಇಳಿಯಿತೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಲೆಕ್ಕ ಹಾಕಿದೆ. ಸಂಘವಿರುವ, ಹಾಜರಿ ಪುಸ್ತಕವಿರುವ ಕಾರ್ಖಾನೆಗಳಲ್ಲೇ ಈ ಸ್ಥಿತಿಯಾದರೆ, ಹಾಜರಿಯೇ ಇಲ್ಲದ ಬೇಸಿನ್ ಮನೆಯಲ್ಲಿ, ಪೀಸ್ ಲೆಕ್ಕದ ಮಗ್ಗದಲ್ಲಿ ಏನಿರಬಹುದೆಂದು ಊಹಿಸಲು ವರದಿ ಬೇಕಿಲ್ಲ.

ಪರಿಸರದ ಮಾತಾಡುವವರಿಗೆ ಕೂಲಿಯ ಗೊಡವೆಯೇಕೆ ಎಂದು ಕೇಳುವವರುಂಟು. ಗೂಡು ಬೇಯಬೇಕಾದರೆ ನೀರು ಕಾಯಬೇಕು, ನೀರು ಕಾಯಬೇಕಾದರೆ ಸೌದೆ ಉರಿಯಬೇಕು. ಚರಕ ಮತ್ತು ಬೇಸಿನ್ನುಗಳ ಒಲೆಗಳು ದಶಕಗಳ ಕಾಲ ಉರಿದದ್ದು ಮರದಿಂದ. ಅಗ್ಗದ ಸೌದೆ, ಅಗ್ಗದ ಕೈ: ಈ ಎರಡರ ಮೇಲೆ ರೇಷ್ಮೆಯ ಬೆಲೆ ನಿಂತಿತ್ತು. ಮರಕ್ಕೆ ಅದು ಮತ್ತೆ ಬೆಳೆಯುವ ಖರ್ಚನ್ನು ಯಾರೂ ಕೊಡಲಿಲ್ಲ, ಕೈಗೆ ಅದು ಸವೆಯುವ ಖರ್ಚನ್ನೂ ಕೊಡಲಿಲ್ಲ. ಕೊನೆಗೆ ಬೆಟ್ಟ ಬೋಳಾದಾಗ ದೂರು ಬಂದದ್ದು ತಲೆಹೊರೆ ಸೌದೆ ತಂದ ಬಡವಳ ಮೇಲೆ.

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಇದೇ ಅನ್ಯಾಯದ ಇನ್ನೊಂದು ರೂಪವಿದೆ. ಹೆಜ್ಜೇನಿಗಾಗಿ ಇರುಳಲ್ಲಿ ಮರದ ತುದಿಗೇರುವ, ನೆಲ್ಲಿಕಾಯಿ, ಸೀಗೆಕಾಯಿ, ಪಾಚಿ ಆಯುವ ಸೋಲಿಗರ ದುಡಿಮೆಗೆ ಉತ್ಪಾದಕತೆಯೆಂಬ ಪದವನ್ನೇ ಯಾರೂ ಬಳಸುವುದಿಲ್ಲ. ಯಾವ ಮರದಲ್ಲಿ ಎಷ್ಟು ಬಿಡಬೇಕು, ಯಾವಾಗ ಕೊಯ್ಯಬೇಕು ಎಂಬ ತಲೆಮಾರುಗಳ ತಿಳಿವಳಿಕೆ ಕೂಲಿಯ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಣದ ಬಾಟಲಿಯ ಚೀಟಿಯ ಮೇಲೆ 'ಕಾಡಿನ ಶುದ್ಧ ಜೇನು' ಎಂದು ಅಚ್ಚಾದ ಕೂಡಲೇ ಅದಕ್ಕೆ ಬೆಲೆ ಬರುತ್ತದೆ. ವನ್ಯಜೀವಿ ಕಾಯಿದೆಯ ತಿದ್ದುಪಡಿಯ ಹೆಸರಿನಲ್ಲಿ 2006ರ ಹೊತ್ತಿಗೆ ಈ ಸಂಗ್ರಹಕ್ಕೂ ತಡೆ ಬಿದ್ದಿತು. 2006ರ ಅರಣ್ಯ ಹಕ್ಕು ಕಾಯಿದೆಯನ್ವಯ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತದ್ದು ದೊಡ್ಡ ಗೆಲುವು. ಆದರೆ ಆಯುವ ಹಕ್ಕು ಬಂದಷ್ಟಕ್ಕೆ ಬೆಲೆ ಕಟ್ಟುವ ಹಕ್ಕು ಬಂದಂತಾಗಲಿಲ್ಲ. ನಡುವಿನ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಕಾಫಿ ತೋಟದ ದಿನಗೂಲಿಗೆ ತಿರುಗಿದವು. ಹನೂರಿನ ಮಳೆಯಾಶ್ರಿತ ಹಳ್ಳಿಗಳವರ ಪಾಡೂ ಬೇರೆಯಲ್ಲ. ಮಳೆ ಕೈಕೊಟ್ಟ ವರ್ಷ ಕೊಡಗಿಗೋ ತಮಿಳುನಾಡಿಗೋ ಹೋಗುವ ಬಸ್ಸೇ ಗತಿ.

ಕಾನೂನು ಇಲ್ಲವೆಂದಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ ಹೇಳಿದೆ. ಪೀಸ್ ಲೆಕ್ಕದವರಿಗೆ ಬೇರೆ ಪೀಸ್ ದರ ನಿಗದಿಯಾಗಿಲ್ಲದಿದ್ದರೆ ದಿನದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲವೆಂದು 1948ರ ಕನಿಷ್ಠ ವೇತನ ಕಾಯಿದೆ ಹೇಳಿತ್ತು. ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ. ಇದನ್ನು ತಿಳಿದಿರುವ ನೇಯ್ಗೆಯವರೆಷ್ಟು ಮಂದಿ? ಮುಂಗಡ ಪಡೆದವರಿಗಂತೂ ತಿಳಿದೂ ಪ್ರಯೋಜನವಿಲ್ಲ. ಸಾಲ ತೀರುವವರೆಗೆ ಬಾಯಿ ತೆರೆಯುವಂತಿಲ್ಲ. ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕೆ ಸಿಕ್ಕಿದ ಮಕ್ಕಳ ಜೀತದ ಬಗ್ಗೆ, ಕರ್ನಾಟಕವನ್ನೂ ಒಳಗೊಂಡಂತೆ, 2003ರಲ್ಲಿ ಅಂತಾರಾಷ್ಟ್ರೀಯ ವರದಿಯೇ ಬಂದಿತ್ತು. ಜೀತ ನಿಷೇಧವಾದದ್ದು 1976ರಲ್ಲಿ.

ಆದ್ದರಿಂದ ಬೇಡಿಕೆಗಳು ಸರಳವಾಗಿವೆ. ಗೂಡಿನ ದರ ಬರೆಯುವ ಫಲಕದ ಪಕ್ಕದಲ್ಲಿಯೇ ನೂಲು ಬಿಚ್ಚುವ, ನೇಯುವ, ಹುಳು ಸಾಕುವ ಕೆಲಸಗಳ ಕಾನೂನುಬದ್ಧ ಕೂಲಿಯನ್ನು ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಯಂತ್ರಕ್ಕೆ ಸಹಾಯಧನ ಪಡೆಯುವವರು ಹಾಜರಿ ಮತ್ತು ಕೂಲಿಯ ಪುಸ್ತಕ ತೋರಿಸಿದ ಮೇಲೆಯೇ ಎರಡನೆಯ ಕಂತು ಕೊಡಬೇಕು. ಪೋಡುಗಳಲ್ಲಿ ಜೇನು, ನೆಲ್ಲಿಯ ಬೆಲೆಯನ್ನು ಋತುವಿಗೆ ಮುಂಚೆ ಗ್ರಾಮಸಭೆಯೇ ಗೊತ್ತುಮಾಡಬೇಕು, ಲ್ಯಾಂಪ್ಸ್ ಸೊಸೈಟಿಯ ಲೆಕ್ಕ ಸಭೆಯ ಮುಂದೆ ಓದಲ್ಪಡಬೇಕು. ಮೂರು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಬೇಸಗೆ ರಜೆಯಲ್ಲಿ ತಮ್ಮ ತಮ್ಮ ಬೀದಿಗಳಲ್ಲಿಯೇ ಒಂದು ಕಿಲೋ ನೂಲಿಗೆ, ಒಂದು ಸೀರೆಗೆ, ಒಂದು ಡಬ್ಬ ಜೇನಿಗೆ ಯಾರಿಗೆಷ್ಟು ಸಂದಿತೆಂದು ಬರೆದುಕೊಳ್ಳಲಿ. ಇಲಾಖೆಯ ಪುಸ್ತಕದಲ್ಲಿ ಖಾಲಿಯಿರುವ ಆ ಒಂದು ಅಂಕಣಕ್ಕೆ ಅಷ್ಟು ಸಾಕು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ಯಾರು ಎದ್ದು ಹೊರಗೆ ಹೋಗುತ್ತಾರೆಂಬುದನ್ನೂ ಬರೆದಿಟ್ಟುಕೊಳ್ಳಬಹುದು.