ರಕ್ಷಣಾ ರಫ್ತಿಗೆ ಅಳತೆಯೇ ಅಡಿಗಲ್ಲು

ಆಯುಧಗಳನ್ನು ಕೊಳ್ಳುವ ದೇಶವೆಂದೇ ಬಹುಕಾಲ ಹೆಸರಾಗಿದ್ದ ಭಾರತವು ಈಗ ಮಾರುವ ದೇಶವೂ ಆಗಿದೆ. 2013-14ರಲ್ಲಿ 686 ಕೋಟಿ ರೂಪಾಯಿಗಳಷ್ಟಿದ್ದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿಗೆ ಏರಿತು. ಬ್ರಹ್ಮೋಸ್ ಕ್ಷಿಪಣಿಗಳ ಮೊದಲ ಕಂತು 2024ರಲ್ಲಿ ಫಿಲಿಪ್ಪೀನ್ಸ್ ದೇಶವನ್ನು ಮುಟ್ಟಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಏರಿದ್ದು ಉಳಿಯಬೇಕಾದರೆ ಅದರ ಅಡಿಗಲ್ಲು ಯಾವುದೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ಕಾರ್ಖಾನೆಗಳಿವೆ. ಏರ್‌ಬಸ್, ಬೋಯಿಂಗ್ ಕಂಪನಿಗಳ ವಿಮಾನಗಳಿಗೆ ಬೇಕಾದ ಬಿಡಿಭಾಗಗಳು ಅಲ್ಲಿ ತಯಾರಾಗಿ ಹೊರದೇಶಗಳಿಗೆ ಹೋಗುತ್ತವೆ. ಇವು ಬಹುಮಟ್ಟಿಗೆ ಪ್ರಯಾಣಿಕರ ವಿಮಾನಗಳ ಭಾಗಗಳು; ಆದರೂ ಯುದ್ಧವಿಮಾನವು ಬೇಡುವ ಕುಶಲತೆ ಇದೇ ಜಾತಿಯದು.

ಆ ಕುಶಲತೆಯ ತಿರುಳು ಅಳತೆ. ಒಂದು ಮೀಟರ್ ಉದ್ದದ ಅಲ್ಯುಮಿನಿಯಮ್ ದಂಡವು ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಸುಮಾರು 0.023 ಮಿಲಿಮೀಟರ್ ಹಿಗ್ಗುತ್ತದೆ. ಯಂತ್ರಭಾಗಗಳ ಉದ್ದವನ್ನು ಹೇಳಲು ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ. ನಮ್ಮ ಕಡೆಯ ಬೇಸಗೆಯಲ್ಲಿ, 38 ಡಿಗ್ರಿಯ ಮಧ್ಯಾಹ್ನದಲ್ಲಿ, ಅದೇ ದಂಡವು 0.4 ಮಿಲಿಮೀಟರಿಗಿಂತ ತುಸು ಹೆಚ್ಚೇ ಬೆಳೆದಿರುತ್ತದೆ. ಒಂದಕ್ಕೊಂದು ಬಿಗಿಯಾಗಿ ಕೂಡಬೇಕಾದ ಭಾಗಗಳಲ್ಲಿ 0.01 ಮಿಲಿಮೀಟರಿನ ವ್ಯತ್ಯಾಸವೂ ಗಣನೆಗೆ ಬರುವುದರಿಂದ, ಇದು ನಲವತ್ತು ಪಟ್ಟು ತಪ್ಪು! ಅಳೆಯುವ ಕೋಣೆಯನ್ನು ಸದಾ ಒಂದೇ ಉಷ್ಣತೆಯಲ್ಲಿ ಇಡುವುದು ಈ ಕಾರಣಕ್ಕಾಗಿಯೇ.

ಮಾರಿದೊಡನೆ ಮಾರಿದವನ ಹೊಣೆ ತೀರುವುದಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 2008ರ ಒಪ್ಪಂದದಂತೆ ಏಳು ಧ್ರುವ ಹೆಲಿಕಾಪ್ಟರುಗಳನ್ನು ಈಕ್ವೆಡಾರ್ ದೇಶಕ್ಕೆ ಒದಗಿಸಿತು. ಅವುಗಳಲ್ಲಿ ನಾಲ್ಕು ಅಪಘಾತಕ್ಕೀಡಾದವು. ಚಾಲಕರ ತಪ್ಪೋ ಯಂತ್ರದೋಷವೋ ಎಂಬ ವಾದವೆದ್ದಿತು; ಬಿಡಿಭಾಗಗಳು ಸಕಾಲಕ್ಕೆ ಬರಲಿಲ್ಲವೆಂಬ ದೂರೂ ಸೇರಿತು. 2015ರಲ್ಲಿ ಆ ದೇಶವು ಒಪ್ಪಂದವನ್ನೇ ರದ್ದುಮಾಡಿತು. ವಾದದಲ್ಲಿ ಯಾರು ಗೆದ್ದರೂ, ಕಳೆದ ನಂಬಿಕೆ ಮರಳುವುದು ಸುಲಭವಲ್ಲ.

ಆಯುಧಗಳ ವ್ಯಾಪಾರವೇ ಬೇಡವೆನ್ನುವವರೂ ಉಂಟು. ಅವರ ಮಾತನ್ನು ಹಗುರಾಗಿ ಕಾಣಲಾಗದು. ಆಯುಧವು ಯಾರ ಕೈಸೇರುವುದೆಂಬ ವಿವೇಚನೆ ಸರಕಾರಕ್ಕೆ ಇರಲೇಬೇಕು. ಆದರೆ ನಾವೇ ಮಾಡಿ ಪರರಿಗೆ ಮಾರುವ ಯಂತ್ರದಲ್ಲಿ ಅಲಕ್ಷ್ಯದ ದೋಷ ಉಳಿಯಿತೆಂದರೆ, ಅದನ್ನು ನಂಬಿ ಏರಿದವನ ಪ್ರಾಣಕ್ಕೆ ನಾವೇ ಎರವಾದಂತೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾರ್ಥಿಗಳು ನಾಳೆ ಇಂತಹ ಕಾರ್ಖಾನೆಗಳನ್ನು ಸೇರುವವರು. ಸ್ಕ್ರೂಗೇಜು 0.01 ಮಿಲಿಮೀಟರನ್ನು ತೋರಿಸುವ ಉಪಕರಣ; ಅದರ ಶೂನ್ಯದೋಷವನ್ನು ನೋಡದೆ ಅಳೆಯುವುದು, ಉತ್ತರವನ್ನು ಮೊದಲೇ ತಿಳಿದು ಅಳತೆಗಳನ್ನು ಅದಕ್ಕೆ ಹೊಂದಿಸಿ ಬರೆಯುವುದು ಅನೇಕ ಪ್ರಯೋಗಶಾಲೆಗಳಲ್ಲಿ ಕಾಣುವ ರೂಢಿ. ಅಂಕಗಳ ಆಸೆಗೆ ನಾವು ಅಧ್ಯಾಪಕರೂ ಅದನ್ನು ಸಹಿಸುತ್ತೇವೆ. ಇದು ನಿಲ್ಲಬೇಕು. ಕಂಡ ಅಂಕಿಯನ್ನು ಕಂಡಂತೆಯೇ ಬರೆದ ವಿದ್ಯಾರ್ಥಿಗೆ, ಅವನ ಉತ್ತರ ಪುಸ್ತಕದ ಉತ್ತರಕ್ಕೆ ಕೂಡದಿದ್ದರೂ, ಪೂರ್ಣ ಅಂಕಗಳು ಸಲ್ಲಬೇಕು. ರಕ್ಷಣಾ ರಫ್ತಿನ ಮೊದಲ ಪಾಠ ಇದೇ.